ಸ್ಲೈಗೋದ ಡಿಫೆನ್ಸ್ ಸಾಹೇಬರನ್ನು ಕಾಣಲು ಹೋದದ್ದು

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಡಬ್ಲಿನ್ ಪಕ್ಕದ ಲೂಕನ್‌ನ ಮನೆ ಬಿಟ್ಟೆವು. ನನ್ನ ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಒಂದು ಫ್ಲಾಸ್ಕ್ ಟೀ, ಕೋಡುಬಳೆ ಪೊಟ್ಟಣ, ಹತ್ತು ಮಾಸ್ಕು, ಸ್ಯಾನಿಟೈಸರ್ ಬಾಟಲಿ. ನನ್ನ ನಾದಿನಿ ಶುಭಾಳ ಕೈಯಲ್ಲಿ ಲ್ಯಾಪ್‌ಟಾಪು, ಕೆಂಪು ಫೈಲು, ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿ. ಕೋವಿಡ್ ಶುರುವಾದ ಒಂದೂವರೆ ವರ್ಷದಲ್ಲಿ ನಾನು ಹೋಗಿದ್ದ ಅತಿ ದೂರದ ಊರೆಂದರೆ ಲಸಿಕೆ ಹಾಕುವ ಸೆಂಟರು. ಹಾಗಾಗಿ ಐರ್ಲೆಂಡಿನ ಆ ತುದಿಯಲ್ಲಿರುವ ಸ್ಲೈಗೋ ನನ್ನ ಪಾಲಿಗೆ ಕಾಶಿಯಾತ್ರೆಯೇ ಆಗಿತ್ತು.

ನಮ್ಮ ಯಜಮಾನರು ಕಾರಿನಲ್ಲಿ ಮೇನೂತ್ ಸ್ಟೇಷನ್ನಿನವರೆಗೆ ಬಿಟ್ಟರು. ಹದಿನೈದು ನಿಮಿಷದ ದಾರಿ. ಇಳಿಯುವಾಗ ಒಂದು ಮಾತು ಆಡದೆ ಬಿಡಲಿಲ್ಲ. "ದೊಡ್ಡ ಡಿಫೆನ್ಸ್ ಆಫೀಸರು ಅಂತೀರಿ. ಅವರು ಮಾತಾಡೋಕೂ ಒಂಚೂರು ಜಾಗ ಬಿಡಿ. ಚೀನಾ ವಿಷಯ ಎಲ್ಲಾ ನೀವಿಬ್ಬರೇ ಇತ್ಯರ್ಥ ಮಾಡ್ಕೊಂಡು ಬರಬೇಡಿ."

"ಅಣ್ಣ, ನೀನು ಹೊರಡು. ಪಾರ್ಕಿಂಗ್‌ನವನು ಬರ್ತಿದಾನೆ," ಅಂದಳು ಶುಭಾ.

ಅವಳಿಗೆ ತಮಾಷೆ ಕೇಳುವ ಸ್ಥಿತಿಯಿರಲಿಲ್ಲ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ ಬಿಟ್ಟು, ಮೂವತ್ತೊಂದನೇ ವಯಸ್ಸಿನಲ್ಲಿ ಡಬ್ಲಿನ್ನಿಗೆ ಎಂ.ಎ. ಓದಲು ಬಂದವಳು. ನಮ್ಮ ಮನೆಯ ಚಿಕ್ಕ ರೂಮಿನಲ್ಲಿ ಕೂತು ಬರೆಯುತ್ತಿದ್ದ ಪ್ರಬಂಧದ ವಿಷಯ ಆಸ್ಟ್ರೇಲಿಯಾದ ರಕ್ಷಣಾ ನೀತಿ ಮತ್ತು ಸೇನಾ ಸನ್ನದ್ಧತೆ. ಮೈಸೂರಿನ ಹುಡುಗಿ, ಐರ್ಲೆಂಡಿನಲ್ಲಿ ಕೂತು, ಆಸ್ಟ್ರೇಲಿಯಾದ ಸೈನ್ಯದ ಚಿಂತೆ ಯಾಕೆ ಮಾಡಬೇಕು ಅಂತ ಫೋನಿನಲ್ಲಿ ನಮ್ಮತ್ತೆ ವಾರಕ್ಕೊಮ್ಮೆ ಕೇಳುತ್ತಿದ್ದರು. ಅವಳದು ಒಂದೇ ಉತ್ತರ: "ಅಷ್ಟು ದೊಡ್ಡ ದೇಶ, ಅಷ್ಟು ಕಮ್ಮಿ ಜನ. ಹೇಗಮ್ಮ ಕಾಯ್ತಾರೆ? ಅದೇ ಪ್ರಶ್ನೆ."

ಅವಳ ಗೈಡ್ ಒಂದು ಷರತ್ತು ಹಾಕಿದ್ದರು. ಬರೀ ಪುಸ್ತಕ ನೋಡಿ ಬರೆದರೆ ಆಗದು, ಅಲ್ಲಿ ಕೆಲಸ ಮಾಡಿದ ಒಬ್ಬರ ಸಂದರ್ಶನವಾದರೂ ಇರಬೇಕು. ನಿವೃತ್ತ ಅಧಿಕಾರಿಗಳು ಮೂವರು ಒಪ್ಪಿ, ಮೂವರೂ ಕೈಕೊಟ್ಟಿದ್ದರು. ಒಬ್ಬರಂತೂ ಜೂಮ್‌ನಲ್ಲಿ ಬಂದು, ಪ್ರಶ್ನೆ ಕೇಳಿಸಿಕೊಂಡು, 'ನೆಟ್‌ವರ್ಕ್ ಸರಿ ಇಲ್ಲ' ಅಂತ ಸ್ಪಷ್ಟವಾಗಿ ಹೇಳಿ ಮಾಯವಾದರು. ಸೋಮವಾರದೊಳಗೆ ಸಂದರ್ಶನ ಬರೆದು ಗೈಡ್‌ಗೆ ಕೊಡಬೇಕು, ಶುಕ್ರವಾರ ಪ್ರಬಂಧ ಸಲ್ಲಿಸಬೇಕು. ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷದವರೆಗೆ ಅವಳ ವೀಸಾ ಇರಲಿಲ್ಲ.

ಇದರ ಮೇಲೆ ಎರಡು ದಿನದ ಹಿಂದೆ ಇನ್ನೊಂದು ಬರೆ ಬಿದ್ದಿತ್ತು. ಫ್ರಾನ್ಸಿನಿಂದ ಹನ್ನೆರಡು ಸಬ್‌ಮರೀನ್ ತರಿಸುವ ಯೋಜನೆಯನ್ನು ಆಸ್ಟ್ರೇಲಿಯಾ ದಿಢೀರನೆ ಕೈಬಿಟ್ಟು, ಅಮೆರಿಕ ಮತ್ತು ಬ್ರಿಟನ್ ಜೊತೆ ಅಣುಶಕ್ತಿಯ ಸಬ್‌ಮರೀನ್ ಮಾಡಿಕೊಳ್ಳುತ್ತೇವೆ ಅಂತ ಘೋಷಿಸಿತು. ಬೆಳಿಗ್ಗೆ ಆರಕ್ಕೆ ಅಡುಗೆಮನೆಗೆ ಬಂದ ಶುಭಾ ಫೋನ್ ಹಿಡಿದುಕೊಂಡು ನಿಂತೇ ಇದ್ದಳು. "ಅತ್ತಿಗೆ, ಮೂವತ್ತೆರಡು ಪುಟ ಬರೆದಿದ್ದೆ ಆ ಸಬ್‌ಮರೀನ್ ಮೇಲೆ. ಕ್ಯಾನ್ಸಲ್ ಮಾಡಿಬಿಟ್ರು. ನನ್ನನ್ನ ಒಂದು ಮಾತು ಕೇಳಿದ್ರಾ?"

"ಫ್ರಾನ್ಸಿನವರನ್ನೇ ಕೇಳಿಲ್ವಂತೆ, ನಿನ್ನ ಯಾಕೆ ಕೇಳ್ತಾರೆ? ಕೂತ್ಕೋ, ದೋಸೆ ತಿನ್ನು," ಅಂದೆ.

ಸ್ಲೈಗೋದ ಸಾಹೇಬರು ಸಿಕ್ಕಿದ್ದು ಅವತ್ತೇ ಮಧ್ಯಾಹ್ನ, ನನ್ನಿಂದ. ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗ ಪಕ್ಕದ ಮನೆಯ ಬ್ರೀಡಾಗೆ ಇದೆಲ್ಲ ಹೇಳಿಕೊಂಡೆ. ಬ್ರೀಡಾ ಸ್ಲೈಗೋ ಕಡೆಯವಳು, ಅರವತ್ತೈದು ದಾಟಿದವಳು, ಗೋಡೆಯ ಆಚೆಯಿಂದ ಈ ದೇಶದ ಅರ್ಧ ಸುದ್ದಿ ನನಗೆ ಕೊಟ್ಟವಳು.

"ಆಸ್ಟ್ರೇಲಿಯಾನಾ? ನಮ್ಮಣ್ಣ ಮಾರ್ಟಿನ್ ಅಲ್ಲಿ ಇಪ್ಪತ್ತಾರು ವರ್ಷ ಇದ್ದನಲ್ಲ, ಡಿಫೆನ್ಸಲ್ಲಿ!" ಅಂದಳು.

ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು. "ಆಫೀಸರಾ?"

"ಇನ್ಸ್‌ಪೆಕ್ಟರ್. ನೂರು ಮೈಲಿ ಅವನ ಕೈಕೆಳಗಿತ್ತು."

"ಗಡಿಯಲ್ಲಾ?"

"ಗಡಿಯಲ್ಲೇ. ಅಯ್ಯೋ, ಭಯಂಕರ ಕಾಟ. ಗುಂಪು ಕಟ್ಟಿಕೊಂಡು ಬರ್ತಿದ್ರಂತೆ. ಒಂದು ಸಣ್ಣ ಸಂದು ಸಿಕ್ಕಿದರೆ ಸಾಕು, ಒಳಗೆ."

ಶುಭಾಗೆ ಓಡಿಹೋಗಿ ಹೇಳಿದೆ. ಅವಳು ನನ್ನನ್ನು ತಬ್ಬಿಕೊಂಡಳು. ಕೋವಿಡ್ ಬಂದ ಮೇಲೆ ಅದೇ ಮೊದಲು.

ಟ್ರೇನು ಒಂಬತ್ತೂ ನಲವತ್ತರ ಹೊತ್ತಿಗೆ ಬಂತು. ಹೋಗಿಬರಲು ತಲಾ ಮೂವತ್ತು ಯೂರೋ ಚಿಲ್ಲರೆ, ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಿದ್ದೆವು. ಎಲ್ಲರ ಮುಖಕ್ಕೂ ಮಾಸ್ಕು. ಟೀ ಮಾರುವ ಗಾಡಿ ಕೋವಿಡ್‌ನಿಂದ ನಿಂತುಹೋಗಿತ್ತು. ಎದುರಿನ ಸೀಟಿನಲ್ಲಿ ಒಬ್ಬ ಅಜ್ಜಿ ಹೆಣಿಗೆ ಹಾಕುತ್ತ ಕೂತಿದ್ದರು. ಮಲ್ಲಿಂಗಾರ್ ದಾಟಿದ ಮೇಲೆ ಕಿಟಕಿಯ ಪಕ್ಕಕ್ಕೇ ಒಂದು ದೊಡ್ಡ ಕೆರೆ ಬಂತು, ಮೋಡ ಬಿಟ್ಟು ಬಿಸಿಲೂ ಬಂತು. ನಾನು ಅದನ್ನು ನೋಡೋಣವೆಂದರೆ ಶುಭಾ ಬಿಡಬೇಕಲ್ಲ. ರಿಹರ್ಸಲ್ ಆಗಬೇಕು, ನಾನು ಮಾರ್ಟಿನ್ ಸಾಹೇಬರಾಗಬೇಕು.

"ಅತ್ತಿಗೆ, ಯುದ್ಧ ಬರೋದಿದ್ರೆ ಹತ್ತು ವರ್ಷ ಮುಂಚೆ ಸುಳಿವು ಸಿಗತ್ತೆ ಅಂತ ಅವರು ತುಂಬಾ ಕಾಲ ನಂಬ್ಕೊಂಡಿದ್ರು. ಹೋದ ವರ್ಷ ಅದನ್ನ ಬಿಟ್ರು. ಇದರ ಬಗ್ಗೆ ಏನಂತೀರಿ, ಸರ್?"

"ಹತ್ತು ವರ್ಷ ಮುಂಚೆಯಾ? ನಮ್ಮನೆಗೆ ನೆಂಟರು ಬರೋದೇ ಹತ್ತು ನಿಮಿಷ ಮುಂಚೆ ಗೊತ್ತಾಗಲ್ಲ."

"ಅತ್ತಿಗೆ, ಸೀರಿಯಸ್ಸಾಗಿ. ನ್ಯೂಕ್ಲಿಯರ್ ಸಬ್‌ಮರೀನ್ ಬರೋವರೆಗೆ ಮಿಸೈಲ್ ಅಟ್ಯಾಕ್ ಆದ್ರೆ?"

ನಾವು ಕನ್ನಡದಲ್ಲೇ ಮಾತಾಡುತ್ತಿದ್ದೆವು ಅಂದುಕೊಂಡಿದ್ದೆ. ಆದರೆ ನ್ಯೂಕ್ಲಿಯರ್, ಸಬ್‌ಮರೀನ್, ಮಿಸೈಲ್, ಅಟ್ಯಾಕ್, ಜೊತೆಗೆ ಆಗಾಗ ಸ್ಲೈಗೋ. ಅಜ್ಜಿಗೆ ಅರ್ಥವಾಗುವ ಪದಗಳೆಲ್ಲ ಅವೇ. ಅವರ ಹೆಣಿಗೆ ನಿಂತಿತ್ತು.

"ಅಮ್ಮ," ಅಂದರು ಅಜ್ಜಿ, ಬಹಳ ಮೆಲ್ಲಗೆ, "ಸ್ಲೈಗೋದಲ್ಲಿ ಇವತ್ತು ಏನಾದರೂ ಆಗುವುದಿದೆಯಾ? ನನ್ನ ಮಗಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸು."

ಶುಭಾ ಓದುತ್ತಿರುವುದೆಲ್ಲ ಆಸ್ಟ್ರೇಲಿಯಾದ್ದು ಅಂತ ವಿವರಿಸಿದೆ. "ಆಸ್ಟ್ರೇಲಿಯಾಗಾದರೆ ಗ್ರ್ಯಾಂಡ್," ಅಂತ ಅಜ್ಜಿ ಹೆಣಿಗೆ ಮುಂದುವರಿಸಿದರು. ಗ್ರ್ಯಾಂಡ್ ಅಂದರೆ ಈ ದೇಶದಲ್ಲಿ 'ಪರವಾಗಿಲ್ಲ' ಅಂತ. ಆಮೇಲೆ ಮೂವರೂ ಮಾಸ್ಕು ಗಲ್ಲಕ್ಕೆ ಇಳಿಸಿ ಚಿತ್ರಾನ್ನ ತಿಂದೆವು. ಕ್ಯಾರಿಕ್ ಎಂಬಲ್ಲಿ ನದಿಯ ಮೇಲೆ ದೋಣಿಗಳು ನಿಂತಿದ್ದವು. ಬಾಯ್ಲ್ ದಾಟಿದ ಮೇಲೆ ನೆಲ ಏರುತ್ತ ಹೋಯಿತು, ಕುರಿಗಳು ಹೆಚ್ಚಾದವು.

ಸ್ಲೈಗೋ ತಲುಪಿದಾಗ ಹನ್ನೆರಡೂ ಕಾಲು. ಮಳೆಯಿರಲಿಲ್ಲ, ಗಾಳಿ ಮಾತ್ರ ಎರಡು ಜನರ ಕೆಲಸ ಮಾಡುತ್ತಿತ್ತು. ಸ್ಟೇಷನ್ನಿನ ಹೊರಗೆ ಮಣ್ಣು ಮೆತ್ತಿದ ವ್ಯಾನಿಗೆ ಒರಗಿ ಮಾರ್ಟಿನ್ ನಿಂತಿದ್ದರು. ಎಪ್ಪತ್ತರ ಮೇಲಿನವರು, ಎತ್ತರ, ಕೈಗಳು ನೇಗಿಲು ಹಿಡಿದವರ ಕೈಗಳ ಹಾಗೆ. ಶುಭಾ ನನ್ನ ಕಿವಿಯಲ್ಲಿ, "ಮಿಲಿಟರಿ ನಿಲುವು ನೋಡಿ ಅತ್ತಿಗೆ," ಅಂದಳು. ನನಗೂ ಹಾಗೇ ಕಂಡಿತು. ಕೋವಿಡ್ ಅಂತ ವ್ಯಾನಿನ ಕಿಟಕಿಗಳನ್ನೆಲ್ಲ ಇಳಿಸಿದ್ದರು. ಊರು ಬಿಟ್ಟು ಐದಾರು ಮೈಲಿ ಹೋಗುವಷ್ಟರಲ್ಲಿ ನನ್ನ ಜಡೆ ಪೂರ್ತಿ ಬಿಚ್ಚಿ, ಚಪ್ಪಟೆ ತಲೆಯ ಒಂದು ದೊಡ್ಡ ಬೆಟ್ಟವನ್ನು ಕೂದಲ ಸಂದಿನಿಂದಲೇ ನೋಡಿದೆ.

ಸಂದರ್ಶನ ಅವರ ಶೆಡ್ಡಿನಲ್ಲಿ, ಬಾಗಿಲು ತೆರೆದಿಟ್ಟು. ಕುರ್ಚಿಗಳ ನಡುವೆ ಎರಡು ಮೀಟರು ಇರಬೇಕೆಂದು ಮಾರ್ಟಿನ್ ಒಂದು ಗೂಟ ನೆಲಕ್ಕಿಟ್ಟು ಅಳೆದರು. ಟೀ, ಬೆಣ್ಣೆ ಸವರಿದ ಸೋಡಾ ಬ್ರೆಡ್ ಬಂತು. ನಾನು ಕೋಡುಬಳೆ ಬಿಚ್ಚಿಟ್ಟೆ. ಅವರು ಒಂದನ್ನು ಕಡಿದು, ಹಲ್ಲು ಸರಿಮಾಡಿಕೊಂಡು, ಜೇಬಿನಲ್ಲಿಟ್ಟುಕೊಂಡರು.

ಶುಭಾ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಪಟ್ಟಿ ತೆಗೆದಳು. "ಸರ್, ನಿಮ್ಮ ಅನುಭವದಲ್ಲಿ ಮುಖ್ಯ ಬೆದರಿಕೆ ಯಾವುದು?"

ಮಾರ್ಟಿನ್ ಯೋಚಿಸಲೇ ಇಲ್ಲ. "ನಾಯಿಗಳು."

ಶುಭಾ ನನ್ನ ಮುಖ ನೋಡಿದಳು. ಬರ್ಕೋ ಅಂತ ಕಣ್ಣಲ್ಲೇ ಹೇಳಿದೆ. ಮಿಲಿಟರಿಯವರು ಶತ್ರುವನ್ನು ಮರ್ಯಾದೆಯಿಂದ ಕರೆಯುತ್ತಾರೆಯೇ?

"ಯಾವ ದಿಕ್ಕಿನಿಂದ?"

"ಉತ್ತರದಿಂದ. ಯಾವಾಗಲೂ ಉತ್ತರವೇ."

ಶುಭಾಳ ಮುಖ ಅರಳಿತು. ಅವಳ ಎರಡನೇ ಅಧ್ಯಾಯ ಪೂರ್ತಿ ಉತ್ತರ ದಿಕ್ಕೇ. "ನಿಮ್ಮ ಕೈಕೆಳಗಿನ ಬಲ ಎಷ್ಟಿತ್ತು ಸರ್?"

"ಇಬ್ಬರು. ಒಬ್ಬ ಕುಡುಕ. ಒಂದೂವರೆ ಅಂತ ಬರೆದುಕೋ."

"ನೂರು ಮೈಲಿಗೆ!" ಶುಭಾ ದಪ್ಪ ಗೆರೆ ಎಳೆದಳು. "ಆಯುಧಗಳು?"

"ಇಕ್ಕಳ, ಸುತ್ತಿಗೆ, ಸಲಿಕೆ. ಒಂದು ರೈಫಲ್ಲು, ಅದೂ ಅರ್ಧ ಸಲ ಸಿಕ್ಕಿಹಾಕಿಕೊಳ್ಳುತ್ತಿತ್ತು."

ಸೈನ್ಯಕ್ಕೆ ಇಕ್ಕಳ ಯಾಕೆ ಅಂತ ಈಗ ನನಗೆ ಅನುಮಾನ ಬಂತು. ಶುಭಾ ಮುಂದುವರಿದಳು. "ಮೊನ್ನೆಯ ಸಬ್‌ಮರೀನ್ ನಿರ್ಧಾರದ ಬಗ್ಗೆ ನಿಮ್ಮ ಅಭಿಪ್ರಾಯ?"

ಮಾರ್ಟಿನ್ ಟೀ ಲೋಟ ಕೆಳಗಿಟ್ಟರು. "ಅಲ್ಲಿ ನೀರೇ ಇಲ್ಲವಲ್ಲಮ್ಮ. ಒಂಟೆಗೇ ಸಾಲುತ್ತಿರಲಿಲ್ಲ."

ಎದ್ದುಹೋಗಿ ಗೋಡೆಯ ಮೇಲಿದ್ದ ಫೋಟೋ ತಂದು ತೋರಿಸಿದರು. ಕೆಂಪು ಮರಳು. ಆಳೆತ್ತರದ ತಂತಿ ಬೇಲಿ, ಕಣ್ಣು ಹೋಗುವವರೆಗೂ. ಪಕ್ಕದಲ್ಲಿ ಹರೆಯದ ಮಾರ್ಟಿನ್, ಕೈಯಲ್ಲಿ ಸಲಿಕೆ. "ಐದು ಸಾವಿರ ಕಿಲೋಮೀಟರಿಗೂ ಉದ್ದ. ಡಿಂಗೋ ಅನ್ನುವ ಕಾಡುನಾಯಿಗಳು ಕುರಿಗಳ ಕಡೆ ಬರದ ಹಾಗೆ ಹಾಕಿದ್ದು. ನಾನು ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದು ಇಲ್ಲೇ. ಆನ್ ಡ ಫೆನ್ಸ್."

ಡ ಫೆನ್ಸ್. ದ ಫೆನ್ಸ್ ಅನ್ನುವುದನ್ನು ಐರ್ಲೆಂಡಿನವರ ನಾಲಿಗೆ ಹಾಗೆ ಹೇಳುತ್ತದೆ ಅಂತ ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ. ಆದರೆ ನಮ್ಮ ಕಡೆ ಯಾರಾದರೂ ಸೈನ್ಯ ಸೇರಿದರೆ 'ಡಿಫೆನ್ಸಲ್ಲಿದ್ದಾರೆ' ಅಂತಲೇ ಹೇಳುವುದು. ಬ್ರೀಡಾ ಗಡಿ ಅಂದಳು, ಇನ್ಸ್‌ಪೆಕ್ಟರ್ ಅಂದಳು, ಬೇಲಿ ಅಂತ ನನ್ನ ತಲೆಗೆ ಎಲ್ಲಿಂದ ಹೊಳೆಯಬೇಕು?

"ಬ್ರೀಡಾ ನಿಮಗೆ ಏನು ಹೇಳಿದಳು?" ಕೇಳಿದರು ಮಾರ್ಟಿನ್.

"ಡಿಫೆನ್ಸ್ ಅಂತ ಕೇಳಿಸಿತು," ಅಂದೆ. "ಮಿಲಿಟರಿ."

ಅವರಿಗೆ ನಗು ಹತ್ತಿಕೊಂಡಿತು. ನಗು ಕೆಮ್ಮಾಯಿತು. ಕೆಮ್ಮು ಕೇಳಿದೊಡನೆ ನಾನೂ ಶುಭಾನೂ ಕುರ್ಚಿ ಸಮೇತ ಹಿಂದಕ್ಕೆ ಜಿಗಿದೆವು. ಅವರೂ ಗಾಬರಿಯಾಗಿ ತಮ್ಮದೇ ಕೆಮ್ಮಿನಿಂದ ದೂರ ಹೋಗುವವರಂತೆ ಗೋಡೆಗೆ ಒತ್ತಿಕೊಂಡರು. "ಬ್ರೆಡ್ಡು, ಬ್ರೆಡ್ಡು! ಗಂಟಲಿಗೆ ಸಿಕ್ಕಿದ್ದು!" ಅಂತ ಕೈಯಾಡಿಸಿದರು.

ಶುಭಾ ನಗಲಿಲ್ಲ. ರೆಕಾರ್ಡಿಂಗ್ ನಿಲ್ಲಿಸಿ ಎದ್ದಳು. "ಅತ್ತಿಗೆ, ಒಂದು ಮಾತು, 'ಸ್ಪೆಲಿಂಗ್ ಏನು ಬ್ರೀಡಾ' ಅಂತ ಕೇಳ್ಬಾರ್ದಿತ್ತಾ?"

"ಬಟ್ಟೆ ಒಣಗಿಸ್ತಾ ಸ್ಪೆಲಿಂಗ್ ಯಾರು ಕೇಳ್ತಾರೆ ಕಣೆ?"

"ಸೋಮವಾರ ನಾನು ಏನು ಕೊಡ್ಲಿ? ನಾಯಿ, ಒಂಟೆ ಅಂತ ಕೊಡ್ಲಾ?" ಕಣ್ಣು ತುಂಬಿತ್ತು. ಫೋನೂ ಫೈಲೂ ಎತ್ತಿಕೊಂಡು ಅಂಗಳಕ್ಕೆ ಹೋಗಿ, ನಮಗೆ ಬೆನ್ನು ಹಾಕಿ ಗೇಟಿನ ಹತ್ತಿರ ನಿಂತಳು.

ವಾಪಸ್ ಟ್ರೇನಿಗೆ ಇನ್ನೂ ಮೂರು ಗಂಟೆಯಿತ್ತು. ವ್ಯಾನು ಅವರದು. ಒಬ್ಬ ಮನುಷ್ಯ ಟೀ ಬಗ್ಗಿಸಿ ಎದುರಿಗೆ ಕೂತಿರುವಾಗ ಸುಮ್ಮನೆ ಗೋಡೆ ನೋಡುವುದು ಹೇಗೆ? ನನಗೆ ಗೊತ್ತಿರುವ ಪ್ರಶ್ನೆ ಒಂದೇ. "ಬೆಳಿಗ್ಗೆ ಎದ್ದು ಏನೇನು ಮಾಡ್ತಿದ್ರಿ?"

ಅವರಿಗೆ ಇಪ್ಪತ್ತಾರು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲವೇನೋ. ಸೋಮವಾರ ನೀರು, ಡಬ್ಬಿಯ ಊಟ, ತಂತಿಯ ಸುರುಳಿ ಲಾರಿಗೆ ತುಂಬಿ ಹೊರಟರೆ ಗುರುವಾರ ವಾಪಸ್. ಒಂಟೆ ಒರಗಿದ ಕಡೆ ಕಂಬ ನೆಟ್ಟಗೆ ಮಾಡಬೇಕು. ಪ್ರವಾಹ ಬಂದರೆ ಅರ್ಧ ಮೈಲಿ ತಂತಿಯೇ ಇರುವುದಿಲ್ಲ. ಎಲ್ಲಕ್ಕಿಂತ ಕಷ್ಟ ಮರಳು. ಗಾಳಿಗೆ ಬೇಲಿಯ ಬುಡದಲ್ಲಿ ಮರಳು ಏರುತ್ತ ಏರುತ್ತ ಬೇಲಿಯೇ ಹೂತುಹೋಗುತ್ತದೆ, ನಾಯಿ ಮೇಲೆ ನಡೆದುಕೊಂಡೇ ಬರುತ್ತದೆ. ಬೇಲಿ ಮುರಿದಿರುವುದೇ ಇಲ್ಲ.

ನನಗೆ ಕೇಳಿದ್ದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ. ಬೇರೆ ಹಾಳೆಯಿರಲಿಲ್ಲ, ಶುಭಾ ಬಿಟ್ಟುಹೋಗಿದ್ದ ಪ್ರಶ್ನೆಪಟ್ಟಿಯ ಬೆನ್ನ ಮೇಲೆ ಕನ್ನಡದಲ್ಲೇ ಬರೆಯುತ್ತ ಹೋದೆ.

"ಮೇಲಿನವರಿಗೆ ಹೇಳ್ತಿರಲಿಲ್ವಾ?"

"ಹೇಳದೆ ಏನು? ಪಟ್ಟಣದ ಆಫೀಸಿನಿಂದ ಹೊಸ ಎತ್ತರದ ಬೇಲಿಯ ಬಣ್ಣದ ಚಿತ್ರ ಬರುತ್ತಿತ್ತು. ನಾನು ಕೇಳಿದ್ದು ಎರಡು ಇಕ್ಕಳ. ಹೊಸ ತಂತಿ ಹಾಕುವ ದಿನ ಫೋಟೋಗೆ ಮಂತ್ರಿ ಬರುತ್ತಾನೆ. ಮರಳು ಸರಿಸುವ ದಿನ ಯಾರೂ ಬರುವುದಿಲ್ಲ."

ಟ್ರೇನಿನಲ್ಲಿ ಶುಭಾ ಹೇಳಿದ್ದು ತಲೆಯಲ್ಲಿತ್ತು. "ಮತ್ತೆ ನಾಯಿ ಬರುತ್ತೆ ಅಂತ ಎಷ್ಟು ಮುಂಚೆ ಸುಳಿವು ಸಿಗ್ತಿತ್ತು?" ಅಂದೆ.

"ಸುಳಿವಾ? ಬೆಳಿಗ್ಗೆ ಮರಳ ಮೇಲೆ ಹೆಜ್ಜೆ ಕಾಣುತ್ತೆ. ಆ ಹೊತ್ತಿಗೆ ಅದು ಒಳಗಿರುತ್ತೆ, ಕುರಿ ಸತ್ತಿರುತ್ತೆ. ಒಂದು ವರ್ಷ ಏನೂ ಬರಲಿಲ್ಲ ಅಂದುಕೋ, ಆಗ ಆಫೀಸಿನವರು ನನ್ನ ಆ ಅರ್ಧ ಮನುಷ್ಯನನ್ನೂ ಕಿತ್ತುಕೊಳ್ಳುತ್ತಿದ್ದರು. ಏನೂ ಬಂದಿಲ್ಲವಲ್ಲ, ಇನ್ಯಾಕೆ ಅಂತ. ಅವನು ಇದ್ದದ್ದಕ್ಕೇ ಬರಲಿಲ್ಲ ಅಂತ ಯಾರಿಗೆ ತೋರಿಸಲಿ?"

"ಅತ್ತಿಗೆ," ಬಾಗಿಲಲ್ಲಿ ಶುಭಾ ನಿಂತಿದ್ದಳು. ಯಾವಾಗ ಬಂದಳೋ. "ಅದನ್ನ ಇನ್ನೊಂದ್ಸಲ ಹೇಳಕ್ಕೆ ಹೇಳಿ."

"ನೀನೇ ಕೇಳು. ಬಾಯಿಲ್ವಾ?"

"ಇಲ್ಲ, ನೀವು ಕೇಳಿದ್ರೇ ಅವರು ಹೇಳ್ತಾರೆ. ನಾನು ಕೇಳಿದ್ರೆ ಒಂಟೆ ಬರತ್ತೆ."

ಅಲ್ಲಿಂದ ಒಂದೂವರೆ ಗಂಟೆ ಕೂತೆವು. ಶುಭಾ ಫೋನಿನ ರೆಕಾರ್ಡಿಂಗ್ ಮತ್ತೆ ಒತ್ತಿ, ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳುವಳು, ನಾನು ಟೀ ಬಗ್ಗಿಸುತ್ತ ನನಗೆ ತಿಳಿದಂತೆ ಇಂಗ್ಲಿಷಿನಲ್ಲಿ ಕೇಳುವೆನು. ಸಾಮಾನು ಪೂರೈಕೆಯ ಸರಪಳಿ ಅಂತ ಅವಳು ಉಸುರಿದರೆ, "ಮೊಳೆ ಖಾಲಿಯಾದರೆ ಎಷ್ಟು ದಿನಕ್ಕೆ ಬರ್ತಿತ್ತು?" ಅಂತ ನಾನು. ಮೂರು ತಿಂಗಳಂತೆ. ಹೊರಡುವ ಮುಂಚೆ ಮಾರ್ಟಿನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಉದ್ಯೋಗ ಅನ್ನುವ ಜಾಗದಲ್ಲಿ ಏನು ಬರೆಯಲಿ ಅಂತ ಕೇಳಿದಾಗ ಶುಭಾ, "ಇದ್ದದ್ದೇ ಬರೀರಿ ಸರ್, ಅಕ್ಷರ ಬಿಡಿಸಿ ಬರೀರಿ," ಅಂದಳು.

ಐದರ ಟ್ರೇನಿಗೆ ನಮ್ಮನ್ನು ಬಿಟ್ಟು, ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬ್ರೀಡಾಗೆ ಹೇಳು, ನನ್ನನ್ನು ಜನರಲ್ ಮಾಡಿದ್ದಕ್ಕೆ ಥ್ಯಾಂಕ್ಸ್," ಅಂದರು.

ಟ್ರೇನು ಹೊರಟೊಡನೆ ಶುಭಾ ಗೈಡ್‌ಗೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಳು: ಆಸಾಮಿ ಸೈನ್ಯದವನಲ್ಲ, ಬೇಲಿಯವನು, ಆದರೆ ದೊಡ್ಡ ದೇಶವನ್ನು ಕೆಲವೇ ಜನ ವರ್ಷಾನುಗಟ್ಟಲೆ ಕಾಯುವುದೆಂದರೇನು ಅಂತ ಅವನಿಗೆ ಗೊತ್ತು, ನೀತಿಯ ಅಧ್ಯಾಯದ ಪಕ್ಕಕ್ಕೆ ಇವನನ್ನು ಇಡಬಹುದೇ? ಕಳಿಸುವ ಮುಂಚೆ ಮೂರು ಸಲ ಓದಿದಳು. ಅವಳು ಅಂಗಳದಲ್ಲಿದ್ದ ಹೊತ್ತಿನ ಮಾತು ಯಾವ ರೆಕಾರ್ಡಿಂಗಿನಲ್ಲೂ ಇರಲಿಲ್ಲ, ನನ್ನ ಹಾಳೆಗಳಲ್ಲಿ ಮಾತ್ರ. ನಾನು ಕನ್ನಡದಲ್ಲಿ ಓದುತ್ತ ಹೋದೆ, ಅವಳು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತ ಹೋದಳು. ಲಾಂಗ್‌ಫರ್ಡ್ ಹತ್ತಿರ ಒಂದು ಪುಟವನ್ನು ಹಾಗೇ ಗೈಡ್‌ಗೆ ಕಳಿಸಿದಳು. ಅವಳು ಉಗುರು ಕಚ್ಚುತ್ತಿದ್ದಳು, ಮಾಸ್ಕಿನ ಮೇಲಿನಿಂದಲೇ.

ಎನ್‌ಫೀಲ್ಡ್ ದಾಟುವಾಗ ಫೋನು ಸದ್ದು ಮಾಡಿತು. ಶುಭಾ ಓದಿದಳು. ಮಾಸ್ಕು ಇದ್ದುದರಿಂದ ಮುಖದಲ್ಲಿ ಏನಾಯಿತು ಅಂತ ತಿಳಿಯಲಿಲ್ಲ.

"ಏನಂತೆ?"

"ತಗೋತಾರಂತೆ. ಸೋಮವಾರ ಪೂರ್ತಿ ಕೊಡಬೇಕಂತೆ." "'ನೀನು ಇಷ್ಟು ಒಳ್ಳೆ ಪ್ರಶ್ನೆ ಯಾವತ್ತೂ ಕೇಳಿರಲಿಲ್ಲ' ಅಂತ ಬರೆದಿದಾರೆ."

ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಸಂಜೆಯ ಬೆಳಕಿನಲ್ಲಿ ಹೊಲ, ಹಸು, ಮತ್ತೆ ಹೊಲ.

"ಅತ್ತಿಗೆ, ನಿಮ್ಮ ಪೂರ್ತಿ ಹೆಸರು ಹೇಳಿ. ಪಾಸ್‌ಪೋರ್ಟಲ್ಲಿ ಇರೋ ಹಾಗೆ."

"ಯಾಕೆ?"

"ಪ್ರಬಂಧದಲ್ಲಿ, ಸಂದರ್ಶನ ಮಾಡಿದವರು ಅಂತ ಹಾಕ್ಬೇಕು."

"ನನ್ನ ಹೆಸರು ಯಾಕೆ ಕಣೆ? ಅತ್ತಿಗೆ ಅಂತ ಹಾಕು, ಸಾಕು."

"ಹಾಗೆಲ್ಲ ಹಾಕಕ್ಕಾಗಲ್ಲ. ಹೇಳಿ, ಟೈಪ್ ಮಾಡ್ಕೋತೀನಿ."

"ವಿಶಾಲಾಕ್ಷಿ. ಹಿಂದುಗಡೆ ನಮ್ಮಪ್ಪನ ಹೆಸರು, ಆಮೇಲೆ ನಿಮ್ಮಣ್ಣನ ಹೆಸರು, ಆಮೇಲೆ ಊರು."

"ಊರೂ ಇದ್ಯಾ? ಒಂದೊಂದೇ ಅಕ್ಷರ ಹೇಳಿ."

ವಿ, ಐ, ಎಸ್, ಎಚ್ ಅಂತ ನಾನು ಶುರು ಮಾಡಿದೆ. ಅಪ್ಪನ ಹೆಸರು ಮುಗಿದು ಯಜಮಾನರ ಹೆಸರು ಅರ್ಧಕ್ಕೆ ಬರುವಷ್ಟರಲ್ಲಿ ಮೇನೂತ್ ಬಂತು. ಡಬ್ಬಿ, ಫ್ಲಾಸ್ಕು, ಹಾಳೆಗಳನ್ನೆಲ್ಲ ಎದೆಗವಚಿಕೊಂಡು ಬಾಗಿಲು ಮುಚ್ಚುವ ಮುಂಚೆ ಹೇಗೋ ಇಳಿದುಕೊಂಡೆವು. ಟ್ರೇನು ಡಬ್ಲಿನ್ ಕಡೆಗೆ ಹೊರಟುಹೋಯಿತು. ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಲ್ಯಾಪ್‌ಟಾಪನ್ನು ಒಂದು ಮೊಣಕಾಲ ಮೇಲೆ ಆನಿಸಿ, ಶುಭಾ ಅಂದಳು, "ಹೂಂ, ಮುಂದಿನ ಅಕ್ಷರ ಹೇಳಿ."